ಕ್ಲೌಡ್ ಸೇವೆಯ ಬಿಲ್: ಮೀಟರ್ ಓಡುವುದು ಬಳಕೆಗೋ, ಇರಿಸಿಕೊಂಡದ್ದಕ್ಕೋ?

ಮೆಸ್ಕಾಂ ಬಿಲ್ಲನ್ನು ಓದಲು ಬಾರದ ವ್ಯಾಪಾರಿ ಕರಾವಳಿಯಲ್ಲಿ ವಿರಳ. ಮಂಜೂರಾದ ಲೋಡಿಗೆ ನಿಗದಿತ ಶುಲ್ಕವೆಷ್ಟು, ಉರಿಸಿದ ಯೂನಿಟ್‌ಗೆ ಎಷ್ಟು, ಕಳೆದ ತಿಂಗಳಿಗಿಂತ ಏರಿದ್ದೇಕೆ ಎಂಬುದನ್ನು ಸಣ್ಣ ಗಿರಣಿಯ ಮಾಲೀಕರೂ ಬಲ್ಲರು. ಆದರೆ ಅದೇ ಮಾಲೀಕರು ತಮ್ಮ ಲೆಕ್ಕಪತ್ರಗಳನ್ನು ಕ್ಲೌಡ್ ಸೇವೆಗೆ ವರ್ಗಾಯಿಸಿದ ಬಳಿಕ ಬರುವ ಬಿಲ್ಲನ್ನು ಮಾತ್ರ ತೆರೆದು ನೋಡುವುದಿಲ್ಲ. ಕಾರ್ಡಿನಿಂದ ಹಣ ಕಡಿತವಾಗುತ್ತದೆ, ಮೊತ್ತವು ‘ಕಂಪ್ಯೂಟರ್ ಖರ್ಚು’ ಎಂಬ ಖಾತೆಗೆ ಸೇರುತ್ತದೆ, ಅಲ್ಲಿಗೆ ವಿಷಯ ಮುಗಿಯುತ್ತದೆ. ವರ್ಷಾಂತ್ಯದಲ್ಲಿ ಖಾತೆಗಳನ್ನು ಪರಿಶೀಲಿಸುವಾಗ ಆ ಮೊತ್ತವು ಒಬ್ಬ ಗುಮಾಸ್ತರ ಹಲವು ತಿಂಗಳ ಸಂಬಳವನ್ನು ಮೀರಿರುವುದು ಕಂಡುಬಂದರೆ ಆಶ್ಚರ್ಯವಿಲ್ಲ.

‘ಬಳಸಿದ್ದಕ್ಕೆ ಮಾತ್ರ ಹಣ ಕೊಡಿ’ ಎಂಬುದು ಈ ಸೇವೆಗಳ ಮುಖ್ಯ ಆಕರ್ಷಣೆ. ಈ ಮಾತು ಅರ್ಧ ಸತ್ಯ. ಬಿಲ್ಲಿನ ಹೆಚ್ಚಿನ ಸಾಲುಗಳಲ್ಲಿ ಗ್ರಾಹಕನು ಹಣ ತೆರುವುದು ಬಳಸಿದ್ದಕ್ಕಲ್ಲ, ತನ್ನ ಹೆಸರಿನಲ್ಲಿ ಇರಿಸಿಕೊಂಡದ್ದಕ್ಕೆ. ಈ ಒಂದು ವ್ಯತ್ಯಾಸವನ್ನು ಅರಿತರೆ ಬಿಲ್ಲಿನ ಬಹುಪಾಲು ಅರ್ಥವಾದಂತೆಯೇ ಸರಿ.

ಬಂಡವಾಳದಿಂದ ಬಾಡಿಗೆಗೆ

ಹಿಂದೆ ಕಚೇರಿಗೆ ಸರ್ವರ್ ಬೇಕಾದರೆ ಅದನ್ನು ಖರೀದಿಸಬೇಕಿತ್ತು. ಅದು ಬಂಡವಾಳ ವೆಚ್ಚ. ಆದಾಯ ತೆರಿಗೆಯ ಲೆಕ್ಕದಲ್ಲಿ ಕಂಪ್ಯೂಟರಿಗೆ ಶೇ. 40ರ ದರದಲ್ಲಿ ಸವಕಳಿ ದೊರೆಯುತ್ತದೆ. ಯಂತ್ರವು ರಾತ್ರಿ ಸುಮ್ಮನೆ ಓಡುತ್ತಿದ್ದರೂ ವಿದ್ಯುತ್ತಿನ ಹೊರತು ಹೆಚ್ಚುವರಿ ಖರ್ಚಿರಲಿಲ್ಲ.

ಅಮೆಜಾನ್ ವೆಬ್ ಸರ್ವಿಸಸ್ ಸಂಸ್ಥೆಯು 2006ರಲ್ಲಿ ಮೊದಲು ದತ್ತಾಂಶ ಸಂಗ್ರಹವನ್ನೂ ಅದೇ ವರ್ಷ ಸರ್ವರ್‌ಗಳನ್ನೂ ಬಾಡಿಗೆಗೆ ನೀಡಲಾರಂಭಿಸಿದಾಗ ಈ ಲೆಕ್ಕಾಚಾರ ಬದಲಾಯಿತು. ಭಾರತದ ನೆಲದಲ್ಲೇ ದತ್ತಾಂಶ ಕೇಂದ್ರಗಳನ್ನು ತೆರೆದು ಸೇವೆ ನೀಡಲು ಮೈಕ್ರೋಸಾಫ್ಟ್ 2015ರಲ್ಲಿ, ಅಮೆಜಾನ್ 2016ರಲ್ಲಿ ಮುಂಬಯಿಯಲ್ಲಿ, ಗೂಗಲ್ 2017ರಲ್ಲಿ ಆರಂಭಿಸಿದವು. ಬಂಡವಾಳ ಹೂಡದೆ, ತಿಂಗಳ ಬಾಡಿಗೆಯಲ್ಲಿ ದೊಡ್ಡ ಸಂಸ್ಥೆಗಳಿಗೆ ಸರಿಸಮವಾದ ಸೌಲಭ್ಯ ಸಣ್ಣ ಉದ್ಯಮಿಗೂ ದೊರೆಯಿತು. 1996ರಲ್ಲಿ ಉಡುಪಿಯಲ್ಲಿ ರೋಬೋಸಾಫ್ಟ್‌ನಂತಹ ಸಾಫ್ಟ್‌ವೇರ್ ಸಂಸ್ಥೆ ಆರಂಭವಾದ ಕಾಲಕ್ಕೆ ಹೋಲಿಸಿದರೆ, ಇಂದು ಕೆಮ್ಮಣ್ಣಿನಲ್ಲೋ ಕಾಪುವಿನಲ್ಲೋ ಕುಳಿತ ಉತ್ಪಾದಕನು ಕೆಲವೇ ನಿಮಿಷಗಳಲ್ಲಿ ಸರ್ವರ್ ಪಡೆಯಬಲ್ಲನು. ಪಡೆಯುವುದು ಸುಲಭವಾದಷ್ಟೂ ಮರೆಯುವುದೂ ಸುಲಭವಾಗಿದೆ.

ಮೂರು ಬಗೆಯ ಬಿಲ್ಲುಗಳು

ಉದ್ಯಮಿಯು ಮೊದಲು ತಿಳಿಯಬೇಕಾದದ್ದು ತನಗೆ ಬರುತ್ತಿರುವುದು ಯಾವ ಬಗೆಯ ಬಿಲ್ ಎಂಬುದನ್ನು.

ಒಂದನೆಯದು ತಲಾ ಬಳಕೆದಾರರ ಲೆಕ್ಕದ ಬಿಲ್. ಇಮೇಲ್ ಸೇವೆ, ಇಂಟರ್‌ನೆಟ್ ಮೂಲಕ ಬಳಸುವ ಲೆಕ್ಕಪತ್ರ ತಂತ್ರಾಂಶ, ಸ್ಥಳೀಯ ವಿತರಕರು ಟ್ಯಾಲಿಯನ್ನು ತಮ್ಮ ಸರ್ವರ್‌ನಲ್ಲಿರಿಸಿ ನೀಡುವ ಸೌಲಭ್ಯ ಇವೆಲ್ಲ ಸಾಮಾನ್ಯವಾಗಿ ಈ ವರ್ಗಕ್ಕೆ ಸೇರುತ್ತವೆ. ಐವರು ಬಳಕೆದಾರರಿದ್ದರೆ ಐದು ಪಟ್ಟು ಶುಲ್ಕ. ಇಲ್ಲಿ ಸೋರಿಕೆಯೆಂದರೆ ಕೆಲಸ ಬಿಟ್ಟು ಹೋದ ನೌಕರರ ಹೆಸರಿನ ಖಾತೆ. ಅದನ್ನು ರದ್ದುಪಡಿಸುವವರೆಗೂ ಶುಲ್ಕ ಬರುತ್ತಲೇ ಇರುತ್ತದೆ.

ಎರಡನೆಯದು ಮೀಟರ್ ಲೆಕ್ಕದ ಬಿಲ್. ಸರ್ವರನ್ನು ನೇರವಾಗಿ ಬಾಡಿಗೆಗೆ ಪಡೆದವರಿಗೆ ಬರುವುದು ಇದು. ಗಂಟೆ, ಸೆಕೆಂಡು, ಜಿಬಿ ಮುಂತಾದ ಹಲವು ಅಳತೆಗಳು ಒಂದೇ ಬಿಲ್ಲಿನಲ್ಲಿ ಸೇರಿರುತ್ತವೆ.

ಮೂರನೆಯದು ಒಪ್ಪಂದದ ಬಿಲ್. ಒಂದು ಅಥವಾ ಮೂರು ವರ್ಷ ಇಷ್ಟು ಬಳಸುವೆನೆಂದು ಮುಂಚಿತವಾಗಿ ಒಪ್ಪಿದರೆ ದರದಲ್ಲಿ ರಿಯಾಯಿತಿ ದೊರೆಯುತ್ತದೆ. ಬಳಸಿದರೂ ಬಳಸದಿದ್ದರೂ ಒಪ್ಪಿದ ಮೊತ್ತವನ್ನು ತೆರಲೇಬೇಕು.

ಮೀಟರ್ ಏನನ್ನು ಅಳೆಯುತ್ತದೆ?

ಗೊಂದಲ ಹೆಚ್ಚಿರುವುದು ಎರಡನೆಯ ಬಗೆಯಲ್ಲಿ. ಅದರ ಮುಖ್ಯ ಸಾಲುಗಳನ್ನು ಒಂದೊಂದಾಗಿ ನೋಡಬಹುದು.

ಸರ್ವರ್ ಬಾಡಿಗೆ: ಸರ್ವರ್ ಚಾಲನೆಯಲ್ಲಿರುವಷ್ಟು ಕಾಲ ಶುಲ್ಕ. ಅಮೆಜಾನ್ ಸಂಸ್ಥೆಯು 2017ರ ಅಕ್ಟೋಬರ್‌ನಿಂದ ಲಿನಕ್ಸ್ ಸರ್ವರ್‌ಗಳಿಗೆ ಗಂಟೆಯ ಬದಲು ಸೆಕೆಂಡಿನ ಲೆಕ್ಕವನ್ನು, ಕನಿಷ್ಠ 60 ಸೆಕೆಂಡಿನ ಮಿತಿಯೊಂದಿಗೆ ಜಾರಿಗೆ ತಂದಿತು. ವಿಂಡೋಸ್ ಸರ್ವರ್‌ನ ದರ ಹೆಚ್ಚು. ಅದರಲ್ಲಿ ಪರವಾನಗಿ ಶುಲ್ಕವೂ ಅಡಗಿರುತ್ತದೆ. ಸರ್ವರ್‌ನಲ್ಲಿ ಯಾರಾದರೂ ಕೆಲಸ ಮಾಡುತ್ತಿದ್ದಾರೆಯೇ ಎಂಬುದು ಮೀಟರಿಗೆ ಸಂಬಂಧಿಸಿದ್ದಲ್ಲ. ಅಂಗಡಿಗೆ ಬೀಗ ಹಾಕಿದ ಮೇಲೂ ಸರ್ವರ್ ಚಾಲನೆಯಲ್ಲಿದ್ದರೆ ಬಾಡಿಗೆ ಓಡುತ್ತದೆ. ಮೈಕ್ರೋಸಾಫ್ಟ್‌ನ ಅಜೂರ್ ಸೇವೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿಂಡೋಸ್‌ನ ಒಳಗಿನಿಂದ ‘ಶಟ್‌ಡೌನ್’ ಒತ್ತಿದರೆ ಯಂತ್ರ ನಿಲ್ಲುತ್ತದೆ, ಬಾಡಿಗೆ ನಿಲ್ಲುವುದಿಲ್ಲ. ಸೇವೆಯ ನಿಯಂತ್ರಣ ಪುಟಕ್ಕೆ ಹೋಗಿ ಅಲ್ಲಿಂದ ನಿಲ್ಲಿಸಿ ಯಂತ್ರವನ್ನು ಬಿಟ್ಟುಕೊಟ್ಟಾಗ ಮಾತ್ರ ಬಾಡಿಗೆ ನಿಲ್ಲುತ್ತದೆ.

ಡಿಸ್ಕ್: ಸರ್ವರಿಗೆ ಜೋಡಿಸಿದ ಡಿಸ್ಕಿನ ಶುಲ್ಕ ತಿಂಗಳಿಗೆ ಜಿಬಿಗೆ ಇಷ್ಟೆಂದು. ಇಲ್ಲಿ ಲೆಕ್ಕಕ್ಕೆ ಬರುವುದು ತುಂಬಿದ ಜಾಗವಲ್ಲ, ಕಾದಿರಿಸಿದ ಜಾಗ. 100 ಜಿಬಿ ಕಾದಿರಿಸಿ 30 ಜಿಬಿ ತುಂಬಿದರೂ ಬಿಲ್ 100ಕ್ಕೆ. ವಿದ್ಯುತ್ ಬಿಲ್ಲಿನಲ್ಲಿ ಮಂಜೂರಾದ ಲೋಡಿಗೆ ಬೀಳುವ ನಿಗದಿತ ಶುಲ್ಕದಂತೆಯೇ ಇದು. ಸರ್ವರನ್ನು ನಿಲ್ಲಿಸಿದರೂ ಡಿಸ್ಕಿನ ಶುಲ್ಕ ನಿಲ್ಲದು.

ಪ್ರತಿಗಳು: ‘ಸ್ನ್ಯಾಪ್‌ಶಾಟ್’ ಎಂದು ಕರೆಯುವ ಬ್ಯಾಕಪ್ ಪ್ರತಿಗಳನ್ನು ದಿನವೂ ತೆಗೆದಿಡುವ ವ್ಯವಸ್ಥೆಯನ್ನು ಒಮ್ಮೆ ಮಾಡಿದರೆ ಅದು ತಾನಾಗಿ ನಡೆಯುತ್ತದೆ. ಹಳೆಯ ಪ್ರತಿಗಳನ್ನು ಅಳಿಸುವ ಆದೇಶವನ್ನೂ ಜೊತೆಗೆ ಕೊಡದಿದ್ದರೆ ಅವು ಗುಡ್ಡೆಯಾಗಿ ಬೆಳೆಯುತ್ತವೆ. ಮೂಲ ಸರ್ವರನ್ನೇ ತೆಗೆದುಹಾಕಿದ ಮೇಲೂ ಪ್ರತಿಗಳು ಉಳಿದು ಶುಲ್ಕ ಬರುವುದುಂಟು.

ಐಪಿ ವಿಳಾಸ: ಹೊರಗಿನಿಂದ ಸರ್ವರನ್ನು ತಲುಪಲು ಬೇಕಾದ ಸಾರ್ವಜನಿಕ ವಿಳಾಸವಿದು. ಹಳೆಯ ಮಾದರಿಯ ಈ ವಿಳಾಸಗಳು ಜಗತ್ತಿನಲ್ಲಿ ಖಾಲಿಯಾಗುತ್ತಾ ಬಂದುದರಿಂದ ಅಮೆಜಾನ್ 2024ರ ಫೆಬ್ರವರಿ 1ರಿಂದ ಪ್ರತಿ ವಿಳಾಸಕ್ಕೆ ಗಂಟೆಗೆ 0.005 ಡಾಲರ್ ವಿಧಿಸಲಾರಂಭಿಸಿತು. ಕೇಳಲು ಅತ್ಯಲ್ಪ. ತಿಂಗಳಿನ ಸರಾಸರಿ 730 ಗಂಟೆಗಳಿಗೆ ಅದು 3.65 ಡಾಲರ್ ಆಗುತ್ತದೆ.

ದತ್ತಾಂಶ ಸಾಗಣೆ: ಇಂಟರ್‌ನೆಟ್‌ನಿಂದ ಒಳಬರುವ ದತ್ತಾಂಶಕ್ಕೆ ಸಾಮಾನ್ಯವಾಗಿ ಶುಲ್ಕವಿಲ್ಲ, ಹೊರಹೋಗುವುದಕ್ಕೆ ಇದೆ. ಅಮೆಜಾನ್‌ನಲ್ಲಿ ತಿಂಗಳಿಗೆ ಮೊದಲ 100 ಜಿಬಿ ಹೊರಸಾಗಣೆ ಉಚಿತ. ಲೆಕ್ಕಪತ್ರವಷ್ಟೇ ಇರಿಸುವ ವ್ಯಾಪಾರಿ ಈ ಮಿತಿಯನ್ನು ದಾಟುವುದು ಅಪರೂಪ. ಆದರೆ ಉತ್ಪನ್ನಗಳ ದೊಡ್ಡ ಚಿತ್ರಗಳನ್ನೂ ವಿಡಿಯೋಗಳನ್ನೂ ಗ್ರಾಹಕರಿಗೆ ತೋರಿಸುವವರು ಈ ಸಾಲನ್ನು ಗಮನಿಸಲೇಬೇಕು.

ಒಂದು ಉದಾಹರಣೆ

ಕೆಮ್ಮಣ್ಣಿನಲ್ಲಿ ತೆಂಗಿನೆಣ್ಣೆ ತಯಾರಿಸುವ ಒಂದು ಘಟಕವಿದೆಯೆಂದು ಭಾವಿಸೋಣ. ಉಡುಪಿಯ ಮಳಿಗೆ, ಕಾರ್ಕಳದ ಗೋದಾಮು ಮತ್ತು ಘಟಕದ ಕಚೇರಿ ಮೂರೂ ಒಂದೇ ಲೆಕ್ಕಪತ್ರವನ್ನು ಬಳಸಲೆಂದು ಒಂದು ಕ್ಲೌಡ್ ಸರ್ವರ್ ಪಡೆದಿದ್ದಾರೆ. ಇಲ್ಲಿನ ದರಗಳು ಲೆಕ್ಕ ವಿವರಿಸುವ ಸಲುವಾಗಿ ಊಹಿಸಿಕೊಂಡವು; ನಿಜವಾದ ದರಗಳು ಸಂಸ್ಥೆ, ಸರ್ವರ್‌ನ ಗಾತ್ರ ಮತ್ತು ಸ್ಥಳಕ್ಕೆ ತಕ್ಕಂತೆ ಬೇರೆಯಾಗುತ್ತವೆ.

ಸರ್ವರ್, ಗಂಟೆಗೆ ರೂ. 4ರಂತೆ 720 ಗಂಟೆ: ರೂ. 2,880
ಡಿಸ್ಕ್, ಜಿಬಿಗೆ ರೂ. 8ರಂತೆ 100 ಜಿಬಿ: ರೂ. 800
ಬ್ಯಾಕಪ್ ಪ್ರತಿಗಳು, ಜಿಬಿಗೆ ರೂ. 5ರಂತೆ 150 ಜಿಬಿ: ರೂ. 750
ಐಪಿ ವಿಳಾಸ, ಗಂಟೆಗೆ 40 ಪೈಸೆಯಂತೆ 720 ಗಂಟೆ: ರೂ. 288
ಹೊರಸಾಗಣೆ, 40 ಜಿಬಿ (ಉಚಿತ ಮಿತಿಯೊಳಗೆ): ಇಲ್ಲ
ಒಟ್ಟು: ರೂ. 4,718

ಇದರ ಮೇಲೆ ಶೇ. 18ರ ಜಿಎಸ್‌ಟಿ ರೂ. 849.24 ಸೇರಿ ಪಾವತಿಸಬೇಕಾದ ಮೊತ್ತ ರೂ. 5,567.24.

ಈಗ ಇದೇ ಬಿಲ್ಲನ್ನು ವಿಮರ್ಶೆಗೆ ಒಳಪಡಿಸೋಣ. ಘಟಕದ ಕೆಲಸ ದಿನಕ್ಕೆ 10 ಗಂಟೆ, ತಿಂಗಳಿಗೆ 26 ದಿನ. ಅಂದರೆ 260 ಗಂಟೆ. ಸಂಜೆ ತಾನಾಗಿ ನಿಂತು ಬೆಳಿಗ್ಗೆ ತಾನಾಗಿ ಆರಂಭವಾಗುವಂತೆ ಸರ್ವರಿಗೆ ವೇಳಾಪಟ್ಟಿ ಹಾಕಿದರೆ ಬಾಡಿಗೆ ರೂ. 1,040ಕ್ಕೆ ಇಳಿಯುತ್ತದೆ. ಡಿಸ್ಕನ್ನು 50 ಜಿಬಿಗೆ ಸೀಮಿತಗೊಳಿಸಿದರೆ ರೂ. 400. ಕಾದಿರಿಸಿದ ಡಿಸ್ಕನ್ನು ಹಿಗ್ಗಿಸುವುದು ಸುಲಭ, ಕುಗ್ಗಿಸುವುದು ಸುಲಭವಲ್ಲ. ಸಣ್ಣ ಡಿಸ್ಕ್ ಪಡೆದು ಅದಕ್ಕೆ ದತ್ತಾಂಶ ವರ್ಗಾಯಿಸಬೇಕಾಗುತ್ತದೆ. ಆದುದರಿಂದ ಆರಂಭದಲ್ಲೇ ಸಣ್ಣದನ್ನು ಆರಿಸುವುದು ವಿವೇಕ. ಹಳೆಯ ಬ್ಯಾಕಪ್ ಪ್ರತಿಗಳನ್ನು ಅಳಿಸಿ 60 ಜಿಬಿ ಉಳಿಸಿಕೊಂಡರೆ ರೂ. 300. ವಿಳಾಸದ ರೂ. 288 ಹಾಗೆಯೇ ಇರಲಿ. ಒಟ್ಟು ರೂ. 2,028.

ಕೆಲಸದಲ್ಲಿ ಯಾವ ಕೊರತೆಯೂ ಆಗದೆ ತಿಂಗಳಿಗೆ ರೂ. 2,690, ವರ್ಷಕ್ಕೆ ರೂ. 32,280 ಉಳಿತಾಯ. ಈ ಮೊತ್ತವಷ್ಟೂ ಬಳಸದೆ ಇರಿಸಿಕೊಂಡದ್ದರ ಬೆಲೆಯಾಗಿತ್ತು ಎಂಬುದನ್ನು ಗಮನಿಸಬೇಕು.

ರಿಯಾಯಿತಿಯ ಆಕರ್ಷಣೆ

ಒಂದು ಅಥವಾ ಮೂರು ವರ್ಷಗಳ ಒಪ್ಪಂದಕ್ಕೆ ಅಮೆಜಾನ್ ಶೇ. 72ರವರೆಗೂ ರಿಯಾಯಿತಿ ಇರುವುದಾಗಿ ಪ್ರಕಟಿಸುತ್ತದೆ. ‘ರವರೆಗೂ’ ಎಂಬ ಪದದ ಮೇಲೆ ಗಮನವಿರಲಿ. ಗರಿಷ್ಠ ರಿಯಾಯಿತಿ ಎಲ್ಲ ಬಗೆಯ ಸರ್ವರಿಗೂ ಎಲ್ಲ ಅವಧಿಗೂ ಅನ್ವಯಿಸುವುದಿಲ್ಲ. ಹಗಲು ರಾತ್ರಿ ನಿಲ್ಲದೆ ಓಡಲೇಬೇಕಾದ ಸರ್ವರಿಗೆ ಒಪ್ಪಂದ ಲಾಭದಾಯಕ. ಮೇಲಿನ ಘಟಕದಂತೆ 720ರಲ್ಲಿ 260 ಗಂಟೆ ಮಾತ್ರ ಬೇಕಾದವರಿಗೆ ಹಾಗಲ್ಲ. ಅವರ ಅಗತ್ಯ ಪೂರ್ಣ ಕಾಲದ ಶೇ. 36ರಷ್ಟು ಮಾತ್ರ. ಹೀಗಾಗಿ ರಿಯಾಯಿತಿಯು ಸುಮಾರು ಶೇ. 64ನ್ನು ಮೀರಿದರೆ ಮಾತ್ರ ಒಪ್ಪಂದವು ವೇಳಾಪಟ್ಟಿಗಿಂತ ಅಗ್ಗವಾಗುತ್ತದೆ. ಮೊದಲು ಮೂರ್ನಾಲ್ಕು ತಿಂಗಳ ಬಿಲ್ಲುಗಳನ್ನು ನೋಡಿ, ನಿಜವಾದ ಅಗತ್ಯವನ್ನು ತಿಳಿದು, ಆಮೇಲೆ ಸಹಿ ಹಾಕುವುದು ಸೂಕ್ತ.

ಉಚಿತ ಅವಧಿ, ಎಚ್ಚರಿಕೆ ಸಂದೇಶ

ಹೊಸ ಗ್ರಾಹಕರಿಗೆ ಉಚಿತ ಕೊಡುಗೆಗಳಿರುತ್ತವೆ. ಅಮೆಜಾನ್‌ನಲ್ಲಿ ಹಿಂದೆ 12 ತಿಂಗಳ ಉಚಿತ ಮಿತಿಯಿತ್ತು. 2025ರ ಜುಲೈ 15ರ ನಂತರ ಸೇರಿದವರಿಗೆ 200 ಡಾಲರ್‌ವರೆಗಿನ ಜಮೆ ಹಾಗೂ 6 ತಿಂಗಳ ಉಚಿತ ಯೋಜನೆ ಎಂದು ಬದಲಾಯಿತು. ಯಾವ ಕೊಡುಗೆಯೇ ಆಗಲಿ, ಅದು ಮುಗಿಯುವ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳುವುದು ಉತ್ತಮ.

ಖರ್ಚು ಒಂದು ಮಿತಿ ಮುಟ್ಟಿದಾಗ ಇಮೇಲ್ ಕಳುಹಿಸುವ ‘ಬಜೆಟ್’ ಸೌಲಭ್ಯ ಎಲ್ಲ ಪ್ರಮುಖ ಸಂಸ್ಥೆಗಳಲ್ಲಿದೆ, ಅದನ್ನು ತಪ್ಪದೆ ಬಳಸಬೇಕು. ಆದರೆ ಇದು ಗಂಟೆ ಬಾರಿಸುವ ಕಾವಲುಗಾರನೇ ಹೊರತು ಬಾಗಿಲು ಮುಚ್ಚುವವನಲ್ಲ. ಮಿತಿ ದಾಟಿದರೂ ಸೇವೆ ತಾನಾಗಿ ನಿಲ್ಲುವುದಿಲ್ಲ, ಮೀಟರ್ ಓಡುತ್ತಲೇ ಇರುತ್ತದೆ. ಜೊತೆಗೆ ಬಳಕೆಯ ಲೆಕ್ಕ ಕೆಲವು ಗಂಟೆ ತಡವಾಗಿ ನವೀಕರಣಗೊಳ್ಳುವುದರಿಂದ ಸಂದೇಶ ಬರುವಷ್ಟರಲ್ಲಿ ಖರ್ಚು ಇನ್ನಷ್ಟು ಏರಿರಬಹುದು. ಖಾತೆಯ ಪಾಸ್‌ವರ್ಡ್ ಅನ್ಯರ ಕೈಸೇರಿ, ಅವರು ಅದರಲ್ಲಿ ಹತ್ತಾರು ಸರ್ವರ್‌ಗಳನ್ನು ಆರಂಭಿಸಿದರೆ ಬಿಲ್ ಮಾಲೀಕರ ಹೆಸರಿಗೇ ಬರುತ್ತದೆ. ಆದುದರಿಂದ ಮುಖ್ಯ ಖಾತೆಗೆ ಮೊಬೈಲ್ ದೃಢೀಕರಣ ಕಡ್ಡಾಯವಾಗಿರಲಿ, ಮತ್ತು ಆ ಖಾತೆ ಸರ್ವರ್ ಅಳವಡಿಸಿಕೊಟ್ಟ ತಂತ್ರಜ್ಞರ ಹೆಸರಿನಲ್ಲಿರದೆ ಸಂಸ್ಥೆಯ ಹೆಸರಿನಲ್ಲಿರಲಿ.

ಪಾವತಿಯ ವಿಷಯದಲ್ಲೂ ಒಂದು ಮಾತು. ರಿಸರ್ವ್ ಬ್ಯಾಂಕಿನ ನಿಯಮದಂತೆ ಕಾರ್ಡಿನಿಂದ ತಾನಾಗಿ ನಡೆಯುವ ಮರುಕಳಿಸುವ ಪಾವತಿಗಳಿಗೆ 2021ರ ಅಕ್ಟೋಬರ್‌ನಿಂದ ನಿರ್ಬಂಧಗಳು ಬಂದವು. 2022ರ ಜೂನ್‌ನಲ್ಲಿ ಸಾಮಾನ್ಯ ಮಿತಿಯನ್ನು ರೂ. 5,000ದಿಂದ ರೂ. 15,000ಕ್ಕೆ ಏರಿಸಲಾಯಿತು. ಮಿತಿ ಮೀರಿದ ಬಿಲ್ಲಿಗೆ ಮಾಲೀಕರು ಒಟಿಪಿ ಮೂಲಕ ಒಪ್ಪಿಗೆ ನೀಡಬೇಕು. ಒಪ್ಪಿಗೆ ತಪ್ಪಿ ಬಿಲ್ ಬಾಕಿಯಾದರೆ ಸೇವೆಯೇ ಸ್ಥಗಿತಗೊಳ್ಳುವ ಸಂಭವವಿದೆ.

ತೆರಿಗೆಯ ಲೆಕ್ಕ

ಬಿಲ್ ಕೈಸೇರಿದಾಗ ಮೊದಲು ನೋಡಬೇಕಾದದ್ದು ಅದನ್ನು ನೀಡಿದವರು ಯಾರು ಎಂಬುದನ್ನು.

ಭಾರತದಲ್ಲಿ ನೋಂದಾಯಿತವಾದ ಸಂಸ್ಥೆಯು ಬಿಲ್ ನೀಡಿದ್ದರೆ ಅದರಲ್ಲಿ ಶೇ. 18ರ ಜಿಎಸ್‌ಟಿ ಇರುತ್ತದೆ. ನೋಂದಾಯಿತ ವ್ಯಾಪಾರಿಗೆ ಇದು ಹೂಡುವಳಿ ತೆರಿಗೆ ಜಮೆಯಾಗಿ ಮರಳುತ್ತದೆ. ಆದರೆ ಖಾತೆ ತೆರೆಯುವಾಗ ಜಿಎಸ್‌ಟಿಐಎನ್ ನಮೂದಿಸಿರಬೇಕು. ಮಾಲೀಕರ ಸ್ವಂತ ಹೆಸರು, ಸ್ವಂತ ಇಮೇಲ್ ನೀಡಿ ತೆರೆದ ಖಾತೆಯ ಬಿಲ್ ಜಿಎಸ್‌ಟಿಆರ್-2ಬಿ ತಖ್ತೆಯಲ್ಲಿ ಕಾಣಿಸದು. 2022ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ ಅಲ್ಲಿ ಕಾಣದ ತೆರಿಗೆಗೆ ಜಮೆಯೂ ಸಿಗದು. ಮೇಲಿನ ಉದಾಹರಣೆಯ ಮೊದಲ ಬಿಲ್ಲಿನಲ್ಲಿ ತಿಂಗಳಿಗೆ ರೂ. 849.24 ಎಂದರೆ ವರ್ಷಕ್ಕೆ ಹತ್ತು ಸಾವಿರಕ್ಕೂ ಮಿಕ್ಕಿದ ಹಣ ಹೀಗೆ ಕೈತಪ್ಪುತ್ತದೆ. ಬಿಟ್ಟುಹೋದ ಜಮೆಯನ್ನು ಪಡೆಯಲು ಆರ್ಥಿಕ ವರ್ಷ ಮುಗಿದ ನಂತರದ ನವೆಂಬರ್ 30 ಅಥವಾ ವಾರ್ಷಿಕ ವಿವರಣೆ ಸಲ್ಲಿಸಿದ ದಿನ, ಇವುಗಳಲ್ಲಿ ಯಾವುದು ಮೊದಲೋ ಅದೇ ಕೊನೆಯ ದಿನ.

ವಿದೇಶಿ ಸಂಸ್ಥೆಯೇ ನೇರವಾಗಿ ಬಿಲ್ ನೀಡಿದ್ದರೆ ಅದು ಸೇವೆಯ ಆಮದು. ಬಿಲ್ಲಿನಲ್ಲಿ ತೆರಿಗೆ ಇಲ್ಲವೆಂದು ಸಂತೋಷಪಡುವಂತಿಲ್ಲ. ನೋಂದಾಯಿತ ವ್ಯಾಪಾರಿಯು ರಿವರ್ಸ್ ಚಾರ್ಜ್ ಪದ್ಧತಿಯಲ್ಲಿ ಶೇ. 18ರ ಐಜಿಎಸ್‌ಟಿಯನ್ನು ತಾನೇ ನಗದಾಗಿ ಪಾವತಿಸಿ, ಜಿಎಸ್‌ಟಿಆರ್-3ಬಿಯಲ್ಲಿ ತೋರಿಸಿ, ನಂತರ ಜಮೆ ಪಡೆಯಬೇಕು. ಜಿಎಸ್‌ಟಿಐಎನ್ ನೀಡದಿದ್ದರೆ ವಿದೇಶಿ ಸಂಸ್ಥೆಯು ಇವರನ್ನು ನೋಂದಣಿಯಿಲ್ಲದ ಗ್ರಾಹಕರೆಂದು ಪರಿಗಣಿಸಿ ತಾನೇ ತೆರಿಗೆ ಸೇರಿಸಬಹುದು. ಆ ತೆರಿಗೆಗೆ ಜಮೆಯಿಲ್ಲ.

ಕಾಂಪೊಸಿಷನ್ ಯೋಜನೆಯಲ್ಲಿರುವವರಿಗೆ ಎರಡೂ ಬಗೆಯಲ್ಲಿ ತೆರಿಗೆ ಜಮೆ ಸಿಗುವುದಿಲ್ಲ. ಮಲ್ಪೆಯ ತಾಜಾ ಮೀನು, ಹಸಿ ತೆಂಗಿನಕಾಯಿಯಂತಹ ತೆರಿಗೆರಹಿತ ಸರಕನ್ನಷ್ಟೇ ಮಾರುವವರಿಗೂ ಇದೇ ಸ್ಥಿತಿ. ಇವರು ದರಗಳನ್ನು ಹೋಲಿಸುವಾಗ ತೆರಿಗೆಯನ್ನೂ ಸೇರಿಸಿಯೇ ಹೋಲಿಸಬೇಕು.

ಲೆಕ್ಕಪುಸ್ತಕಕ್ಕೆ ಸಂಬಂಧಿಸಿ ಇನ್ನೊಂದು ಅಂಶ: ಮಾರ್ಚ್ ತಿಂಗಳ ಬಳಕೆಯ ಬಿಲ್ ಏಪ್ರಿಲ್ ಮೊದಲ ವಾರದಲ್ಲಿ ಬರುವುದು ರೂಢಿ. ಖರ್ಚು ಮಾರ್ಚ್‌ಗೆ ಸೇರಿದ್ದರಿಂದ ವರ್ಷಾಂತ್ಯದಲ್ಲಿ ಅದಕ್ಕೆ ಅವಕಾಶ ಕಲ್ಪಿಸಬೇಕು. ದರಪಟ್ಟಿ ಡಾಲರಿನಲ್ಲಿದ್ದರೆ ಬಳಕೆ ಬದಲಾಗದಿದ್ದರೂ ವಿನಿಮಯ ದರ ಏರಿದಾಗ ರೂಪಾಯಿ ಬಿಲ್ ಏರುತ್ತದೆಂಬುದೂ ನೆನಪಿರಲಿ.

ಉಳಿತಾಯಕ್ಕೂ ಒಂದು ಗಡಿ

ಬ್ಯಾಕಪ್ ಪ್ರತಿಗಳನ್ನು ಅಳಿಸುವ ಭರದಲ್ಲಿ ಕಾನೂನನ್ನು ಮರೆಯುವಂತಿಲ್ಲ. ಪ್ರೈವೇಟ್ ಲಿಮಿಟೆಡ್ ಕಂಪನಿಗಳು ಲೆಕ್ಕಪುಸ್ತಕಗಳನ್ನು 8 ವರ್ಷ ಕಾಪಾಡಬೇಕು. ವಿದ್ಯುನ್ಮಾನ ರೂಪದಲ್ಲಿದ್ದರೆ ಅವುಗಳ ಬ್ಯಾಕಪ್ ಭಾರತದಲ್ಲಿರುವ ಸರ್ವರ್‌ನಲ್ಲಿರಬೇಕು. 2022ರ ಆಗಸ್ಟ್‌ನ ತಿದ್ದುಪಡಿಯಿಂದ ಅದು ದೈನಂದಿನ ಬ್ಯಾಕಪ್ ಆಗಿರಬೇಕು. 2023ರ ಏಪ್ರಿಲ್ 1ರಿಂದ ಪ್ರತಿ ತಿದ್ದುಪಡಿಯ ಜಾಡನ್ನು ದಾಖಲಿಸುವ ತಂತ್ರಾಂಶವೂ ಕಡ್ಡಾಯ. ಜಿಎಸ್‌ಟಿ ದಾಖಲೆಗಳನ್ನು ವಾರ್ಷಿಕ ವಿವರಣೆಯ ಕೊನೆಯ ದಿನಾಂಕದಿಂದ 72 ತಿಂಗಳು ಇರಿಸಬೇಕು. ಆದುದರಿಂದ ಹಳೆಯ ಪ್ರತಿಗಳನ್ನು ದುಬಾರಿ ಸ್ಥಳದಿಂದ ಅಗ್ಗದ ಸಂಗ್ರಹ ಸೇವೆಗೆ ಸಾಗಿಸುವುದು ಸರಿಯಾದ ಮಾರ್ಗ, ಎಲ್ಲವನ್ನೂ ಅಳಿಸುವುದಲ್ಲ.

ತಿಂಗಳಿಗೆ ಅರ್ಧ ಗಂಟೆ

ಪ್ರತಿ ತಿಂಗಳು ಬಿಲ್ ಬಂದ ವಾರದಲ್ಲಿ ಈ ಕೆಲಸಗಳಿಗೆ ಅರ್ಧ ಗಂಟೆ ಮೀಸಲಿಟ್ಟರೆ ಸಾಕು.

1. ಬಿಲ್ಲಿನ ಒಟ್ಟು ಮೊತ್ತವನ್ನಷ್ಟೇ ನೋಡದೆ ಪ್ರತಿ ಸಾಲನ್ನೂ ಹಿಂದಿನ ತಿಂಗಳಿನೊಂದಿಗೆ ಹೋಲಿಸುವುದು.
2. ಸರ್ವರ್, ಡಿಸ್ಕ್, ವಿಳಾಸ, ಪ್ರತಿ ಇವುಗಳ ಪಟ್ಟಿ ತೆಗೆದು, ಪ್ರತಿಯೊಂದೂ ಯಾರಿಗಾಗಿ ಇದೆ ಎಂದು ಕೇಳುವುದು. ಉತ್ತರವಿಲ್ಲದ್ದನ್ನು ವಿಚಾರಿಸಿ ತೆಗೆಯುವುದು.
3. ಕೆಲಸ ಬಿಟ್ಟ ನೌಕರರ ಖಾತೆಗಳನ್ನು ರದ್ದುಪಡಿಸುವುದು.
4. ಬಿಲ್ಲಿನಲ್ಲಿ ಸಂಸ್ಥೆಯ ಹೆಸರು, ಜಿಎಸ್‌ಟಿಐಎನ್ ಸರಿಯಾಗಿದೆಯೇ ಎಂದು ನೋಡಿ 2ಬಿಯೊಂದಿಗೆ ತಾಳೆ ಹಾಕುವುದು.
5. ಬ್ಯಾಕಪ್ ಪ್ರತಿಯಿಂದ ದತ್ತಾಂಶ ನಿಜವಾಗಿ ಮರಳಿ ಬರುತ್ತದೆಯೇ ಎಂದು ಆಗಾಗ ಪರೀಕ್ಷಿಸುವುದು. ಮರಳಿ ಬಾರದ ಪ್ರತಿಗೆ ತೆತ್ತ ಹಣ ಪೂರ್ತಿ ನಷ್ಟವೇ.

ಉಡುಪಿಯಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಲ್ಲಿ ಸಂಗ್ರಹಿಸಿದ ಹಣ ಎಷ್ಟು ದೊಡ್ಡದಾಗಬಲ್ಲದೆಂದು ಈ ಜಿಲ್ಲೆಯ ವ್ಯಾಪಾರಿಗಳಿಗೆ ತೋರಿಸಿಕೊಟ್ಟಿತು. 2020ರಲ್ಲಿ ಆ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿ ವಿಲೀನವಾದರೂ ಆ ಪಾಠ ಹಳತಾಗಿಲ್ಲ. ಕ್ಲೌಡ್ ಮೀಟರಿನದೂ ಪಿಗ್ಮಿಯ ಲೆಕ್ಕವೇ. ದಿಕ್ಕು ಮಾತ್ರ ತಿರುವುಮುರುವು. ಇಲ್ಲಿ ಗಂಟೆಗೆ ನಾಲ್ಕಾಣೆ, ಎಂಟಾಣೆಗಳು ಖಾತೆಯಿಂದ ಹೊರಹೋಗುತ್ತವೆ, ಮತ್ತು ಅವನ್ನು ಎಣಿಸಬೇಕಾದವರು ಮಾಲೀಕರೇ.